ಅಂಗೈಗೆ ಎಣ್ಣೆ ಸವರುವ ಪಾಠ

ಇಂಗ್ಲಿಷರೆಂದರೆ ಬಹಳ ಸಭ್ಯ ಜನ ಎಂದು ನಾನು ಮದುವೆಯಾಗಿ ಪುಣೆಗೆ ಬರುವವರೆಗೂ ನಂಬಿದ್ದೆ. ಧಾರವಾಡದ ಕಾಲೇಜಿನಲ್ಲಿ ಬಿ.ಎ.ಗೆ ಓದಿದ ಅವರ ಪದ್ಯಗಳ ತುಂಬ ಹೂವು, ಮೋಡ, ಕುರಿಮರಿಗಳೇ ಇದ್ದವು. ಆಮೇಲೆ ತೊಂಬತ್ತರ ದಶಕದ ನಡುವಿನಲ್ಲಿ, ನಿಗಡಿಯ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಹೆಂಗಸರಿಗೆ ಇಂಗ್ಲಿಷ್ ಮಾತಾಡಲು ಕಲಿಸತೊಡಗಿದೆ. ಅದಕ್ಕೆಂದು ಒಂದು ನುಡಿಗಟ್ಟಿನ ಪುಸ್ತಕ ಕೊಂಡು ತಂದು ತೆರೆದರೆ, ಅಯ್ಯ ಶಿವನೇ, ಕಳ್ಳ ದುಡ್ಡಿಗೇ ಒಂದು ಇಡೀ ಅಧ್ಯಾಯ! ಲಂಚ ಕೊಡುವುದಕ್ಕೆ ಅಂಗೈಗೆ ಎಣ್ಣೆ ಸವರುವುದು ಅನ್ನುತ್ತಾರೆ, ‘ಗ್ರೀಸ್ ದ ಪಾಮ್’. ಸುಳ್ಳು ಲೆಕ್ಕ ಬರೆಯುವುದಕ್ಕೆ ಪುಸ್ತಕ ಬೇಯಿಸುವುದು, ‘ಕುಕ್ ದ ಬುಕ್ಸ್’. ಕಚೇರಿಯ ಹಣ ನುಂಗಿದವನು ತನ್ನ ಜೇಬಿಗೆ ಅಸ್ತರ ಹಾಕಿಕೊಂಡನಂತೆ. ಅಧಿಕಾರದಲ್ಲಿ ಕೂತು ಮನೆ ತುಂಬಿಸಿಕೊಂಡವನು ಗೂಡಿಗೆ ಪುಕ್ಕ ಹೊದಿಸಿದನಂತೆ. ನಾವು ಕೈ ಬೆಚ್ಚಗೆ ಮಾಡುವುದು ಅನ್ನುತ್ತೇವೆ, ನೆರೆಮನೆಯ ಮರಾಠಿಯವರು ಕೈ ಒದ್ದೆ ಮಾಡುವುದು ಅನ್ನುತ್ತಾರೆ. ನಮ್ಮಿಬ್ಬರ ಪಾಪ ಅಷ್ಟರಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದವಳಿಗೆ ಇಂಗ್ಲಿಷರ ಸಂಪತ್ತು ನೋಡಿ ನಗುವೋ ನಗು. ಆ ನಗು ಆ ಅಧ್ಯಾಯವನ್ನು ಪಾಠ ಮಾಡಿದ ದಿನದವರೆಗಷ್ಟೇ ಉಳಿಯಿತು.

ಕ್ಲಾಸು ಶುರುವಾದ ಬಗೆಯನ್ನು ಮೊದಲು ಹೇಳುತ್ತೇನೆ. ಪುಣೆಗೆ ಬಂದ ಮೇಲೆ ನಾನು ನಾಲ್ಕಾರು ಶಾಲೆಗಳ ಮೆಟ್ಟಿಲು ಹತ್ತಿ ಇಳಿದೆ. ಬಿ.ಎಡ್. ಇಲ್ಲ ಎಂದರು, ಮರಾಠಿ ಸರಿಯಾಗಿ ಬರುವುದಿಲ್ಲ ಎಂದರು. ಓಣಿಯಲ್ಲಿ ನನಗೆ ಹೆಸರೇ ಇರಲಿಲ್ಲ. ಹೋದಲ್ಲೆಲ್ಲ ‘ಸಾಹೇಬರ ಹೆಂಡತಿ’. ಸಾಹೇಬರೆಂದರೆ ನನ್ನ ಗಂಡ. ಅವರು ಹೊಟೇಲುಗಳ ಅಡುಗೆಮನೆ ತಪಾಸಣೆ ಮಾಡಿ ಲೈಸನ್ಸಿಗೆ ಶಿಫಾರಸು ಬರೆಯುವ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಥ ಕೆಲಸದಲ್ಲಿದ್ದೂ ಯಾರಿಂದಲೂ ಒಂದು ಲೋಟ ಚಹಾ ಮುಟ್ಟದವರು ಎಂಬ ಹೆಸರಿತ್ತು ಅವರಿಗೆ. ತಪಾಸಣೆಗೆ ಹೋಗುವಾಗ ಮನೆಯಿಂದ ನೀರಿನ ಬಾಟಲಿ ಒಯ್ಯುತ್ತಿದ್ದರು. ನಾನು ಆ ಬಾಟಲಿ ತುಂಬಿಸಿ ಕೊಡುವಾಗ ದೇವರಿಗೆ ನೀರು ತುಂಬಿದಷ್ಟು ಭಕ್ತಿಯಿಂದ ತುಂಬುತ್ತಿದ್ದೆ. ತವರಿಗೆ ಹೋದಾಗಲೆಲ್ಲ ಆ ಬಾಟಲಿಯ ಕಥೆ ಹೇಳಿ ಎದೆ ಸೆಟೆಸಿ ಕೂರುತ್ತಿದ್ದೆ.

ಕೊನೆಗೆ ನಾನೇ ಮನೆಯಲ್ಲಿ ಕ್ಲಾಸು ಶುರು ಮಾಡಿದೆ. ಕಿರಾಣಿ ಅಂಗಡಿಯ ಗೋಡೆಗೆ ಕಾಗದ ಅಂಟಿಸಿದೆ, ಚಾಪೆ ಹಾಸಿದೆ, ಕಪ್ಪು ಹಲಗೆ ತೂಗುಹಾಕಿದೆ. ಒಬ್ಬರೂ ಬರಲಿಲ್ಲ. ಮಧ್ಯಾಹ್ನವೆಲ್ಲ ಸೀರೆ ಉಟ್ಟು ಬಾಗಿಲು ನೋಡುತ್ತ ಕೂತು, ಸಂಜೆ ಗಂಡನ ಮುಂದೆ ಗೊಳೋ ಎಂದು ಅತ್ತೆ. ಅವರು ಒಂದು ದಿನ, “ಅಳಬ್ಯಾಡ. ನಾ ನಾಕ ಮಂದಿ ಮುಂದ ಹೇಳಿ ನೋಡತೀನಿ,” ಎಂದರು. ಆಮೇಲೆ ನೋಡಿ, ಹದಿನೈದು ದಿನ ಕಳೆಯುವುದರೊಳಗೆ ಚಾಪೆ ಸಾಲದೆ ಹೋಯಿತು.

ಬಂದವರೆಲ್ಲ ಕರಾವಳಿಯ ಕಡೆಯ ಹೆಂಗಸರು, ಹೊಟೇಲು ನಡೆಸುವವರ ಮನೆಯವರು. ಚಿಂಚವಡದಿಂದ, ಆಕುರ್ಡಿಯಿಂದ, ಊರಿನ ಆ ತುದಿಯ ಕೊಂಢವಾದಿಂದಲೂ ಎರಡು ಬಸ್ಸು ಬದಲಿಸಿ ಬಂದರು. ನಾನು ಉಬ್ಬಿಹೋದೆ. ನನ್ನ ಪಾಠದ ರುಚಿ ಬಾಯಿಂದ ಬಾಯಿಗೆ ಹರಡಿದೆ ಎಂದುಕೊಂಡೆ. ಫೀ ಕೇಳುವ ಮೊದಲೇ ಬರುತ್ತಿತ್ತು. ಒಬ್ಬಾಕೆ ಬಾಣಂತನಕ್ಕೆ ಊರಿಗೆ ಹೋದರೂ ಆಕೆಯ ಲಕೋಟೆ ತಪ್ಪಲಿಲ್ಲ. ಇನ್ನೊಬ್ಬಾಕೆ ಒಮ್ಮೆ ಬಂದು ಹೋದವಳು ಮತ್ತೆ ಮುಖ ತೋರಿಸದಿದ್ದರೂ ಫೀ ಮಾತ್ರ ಕಳಿಸುತ್ತಲೇ ಇದ್ದಳು. “ಸಮುದ್ರದ ಕಡೆಯವರು ನೋಡ್ರಿ, ಭಾಳ ಮರ್ಯಾದಸ್ಥರು. ಕಲೀಲಿ ಬಿಡಲಿ, ಗುರುವಿಗೆ ಸಲ್ಲೂದು ಸಲ್ಲಸ್ತಾರ,” ಎಂದು ಗಂಡನ ಮುಂದೆ ಹೊಗಳುತ್ತಿದ್ದೆ. ಅವರು ಪೇಪರಿನಿಂದ ತಲೆ ಎತ್ತದೆ “ಹೂಂ” ಎನ್ನುತ್ತಿದ್ದರು.

ಈ ಹೆಂಗಸರಲ್ಲಿ ಒಬ್ಬಾಕೆಯ ಬಗ್ಗೆ ಹೇಳಲೇಬೇಕು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೊಟೇಲಿನ ಒಡತಿ, ದಪ್ಪ ಜಡೆ, ಅದಕ್ಕಿಂತ ದಪ್ಪ ದನಿ. ಉಳಿದವರು ಹೊತ್ತು ಕಳೆಯಲು ಕೂತರೆ ಈಕೆ ನನ್ನ ಪ್ರಾಣ ತಿನ್ನುತ್ತಿದ್ದಳು. “ಇದು ಹೀಗೆ ಯಾಕೆ ಟೀಚರ್? ಅದು ಹಾಗೆ ಯಾಕಲ್ಲ?” ಕಲಿತದ್ದನ್ನು ಅದೇ ಸಂಜೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳ ಮೇಲೆ ಪ್ರಯೋಗಿಸಿ, ಮರುದಿನ ಬಂದು ವರದಿ ಒಪ್ಪಿಸುತ್ತಿದ್ದಳು. ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದ್ದಳು. ಅಲ್ಲಿನ ಟೀಚರ ಎದುರು ತನಗೆ ನಾಲಿಗೆ ಏಳುವುದಿಲ್ಲ ಎಂಬುದು ಆಕೆಯ ದೊಡ್ಡ ಸಂಕಟ. “ಮಗಳು ನನ್ನ ಸೆರಗು ಎಳೆದು ಅಮ್ಮಾ ನೀನು ಮಾತಾಡ್ಬೇಡ ಅಂತಾಳೆ ಟೀಚರ್. ಎಷ್ಟು ಬೇಜಾರಾಗ್ತದೆ ಗೊತ್ತುಂಟಾ?” ಎಂದು ಒಮ್ಮೆ ಕಣ್ಣು ತುಂಬಿಕೊಂಡಿದ್ದಳು. ಆಕೆಯೊಬ್ಬಳಿದ್ದರೆ ನನಗೆ ಇಡೀ ಕ್ಲಾಸು ತುಂಬಿದಂತಿರುತ್ತಿತ್ತು.

ಎರಡು ವರ್ಷ ಹೀಗೇ ನಡೆಯಿತು. ನಾನು ಆಕುರ್ಡಿ ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿ ಕೋಣೆ ನೋಡಿ ಬಂದೆ. ಬಾಡಿಗೆಗೆ ಹಿಡಿದು, ಬೆಂಚು ಹಾಕಿಸಿ, ಹೊರಗೆ ನನ್ನದೇ ಹೆಸರಿನ ಬೋರ್ಡು ಬರೆಸಬೇಕೆಂದು ನಿಶ್ಚಯಿಸಿದೆ. ಸಾಹೇಬರ ಹೆಂಡತಿ ಎಂಬುದನ್ನು ಕಳಚಿ ಎಸೆಯಲು ನನಗಿದ್ದ ದಾರಿ ಅದೊಂದೇ. ಮಾಲೀಕನಿಗೆ ಮುಂದಿನ ವಾರ ಬಂದು ಪಕ್ಕಾ ಮಾಡುತ್ತೇನೆ ಎಂದು ಹೇಳಿದ್ದೆ.

ಆ ವಾರವೇ ಕಳ್ಳ ದುಡ್ಡಿನ ಪಾಠ ಬಂತು.

ನನ್ನ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ನುಡಿಗಟ್ಟು ಹೇಳಿಕೊಟ್ಟ ಮೇಲೆ ಪ್ರತಿಯೊಬ್ಬರೂ ಅದನ್ನು ಬಳಸಿ ಒಂದು ವಾಕ್ಯ ಹೇಳಬೇಕು. ಪುಸ್ತಕದ ವಾಕ್ಯ ನಡೆಯುವುದಿಲ್ಲ. ತಮ್ಮ ಮನೆಯದು, ತಮ್ಮ ಬದುಕಿನದು, ನಿಜವಾಗಿ ನಡೆದದ್ದು ಆಗಿರಬೇಕು. ಹಾಗೆ ಕಲಿತದ್ದು ಸಾಯುವವರೆಗೂ ಮರೆಯುವುದಿಲ್ಲ ಎಂಬುದು ನನ್ನ ಹೆಮ್ಮೆ. ಆವತ್ತು ಹಲಗೆಯ ಮೇಲೆ ನಾಲ್ಕು ನುಡಿಗಟ್ಟು ಬರೆದು ಅರ್ಥ ಹೇಳಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಪುಸ್ತಕ ಬೇಯಿಸುವುದನ್ನು ಕೇಳಿ ಒಬ್ಬಾಕೆ, “ಅದನ್ನ ನಮ್ಮ ಹೊಟೇಲಲ್ಲಿ ಇಡ್ಲಿಗಿಂತ ಮೊದಲೇ ಬೇಯಿಸ್ತಾರೆ ಟೀಚರ್,” ಎಂದಳು. ಮತ್ತೆ ನಗು. ವಾಕ್ಯ ಹೇಳಿರಿ ಎಂದಾಗ ಮಾತ್ರ ಎಲ್ಲರೂ ಚಾಪೆಯ ಕಡ್ಡಿ ಕೀಳುತ್ತ ಕೂತರು. ದಪ್ಪ ಜಡೆಯಾಕೆ ಎದ್ದು ನಿಂತಳು. ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದ ಜೋಡಿಸುತ್ತ, ಇಂಗ್ಲಿಷಿನಲ್ಲಿ ಹೇಳಿದಳು: ನನ್ನ ಗಂಡ ನನ್ನನ್ನು ಇಂಗ್ಲಿಷ್ ಕ್ಲಾಸಿಗೆ ಕಳಿಸಿ ಇನ್‌ಸ್ಪೆಕ್ಟರ್ ಸಾಹೇಬರ ಅಂಗೈಗೆ ಎಣ್ಣೆ ಸವರುತ್ತಾರೆ.

ನಾನು ಮೊದಲು ಮಾಡಿದ್ದೇನು ಗೊತ್ತೇ? “ವೆರಿ ಗುಡ್,” ಎಂದೆ. ವಾಕ್ಯ ಸರಿಯಾಗಿತ್ತಲ್ಲ! ಎರಡು ಮಾಸ್ತರಿಕೆಯ ಮಾತು ಕೂಡ ಆಡಿದೆ. ಆಮೇಲೆ ಉಳಿದವರ ಕಡೆ ನೋಡಿದೆ. ಪಕ್ಕದಲ್ಲಿದ್ದ ಒಬ್ಬಾಕೆ ಇವಳ ಸೆರಗು ಹಿಡಿದು ಕೂರು ಕೂರು ಎಂದು ಎಳೆಯುತ್ತಿದ್ದಳು. ಆಗ ನನಗೆ ಆ ಮಾತು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಯಿತು.

“ಏನಂದ್ರಿ? ಇನ್ನೊಮ್ಮೆ ಹೇಳ್ರಿ,” ಎಂದೆ. ಈ ಸಲ ಕನ್ನಡದಲ್ಲಿ.

ಆಕೆಗೂ ಗಾಬರಿಯಾಯಿತು. “ನೀವೇ ಅಲ್ವಾ ಟೀಚರ್ ನಿಜವಾದದ್ದೇ ಹೇಳಿ ಅಂದದ್ದು? ತಪ್ಪಾಯ್ತಾ?”

“ಕ್ಲಾಸಿಗೂ ಸಾಹೇಬರಿಗೂ ಏನು ಸಂಬಂಧ?”

ಆಕೆ ಉಳಿದವರ ಮುಖ ನೋಡಿದಳು. ಯಾರೂ ಆಸರೆಗೆ ಬರಲಿಲ್ಲ. “ಎಂತ ಹೇಳುದು ಟೀಚರ್... ಸಾಹೇಬ್ರು ತಪಾಸಣೆಗೆ ಬಂದವರು ಕೈಯಲ್ಲಿ ಎಂತದೂ ಮುಟ್ಟುದಿಲ್ಲ. ಹೋಗುವಾಗ, ನಮ್ಮ ಮನೆಯಾಕೆ ಇಂಗ್ಲಿಷ್ ಕ್ಲಾಸ್ ಮಾಡ್ತಾಳೆ, ನಿಮ್ಮ ಮನೆಯವ್ರನ್ನ ಕಳಿಸಿ ಅಂತಾರೆ. ಕಳಿಸಿದವರ ಲೈಸನ್ಸ್ ತಡ ಆಗುದಿಲ್ಲ. ಎಲ್ಲರಿಗೂ ಗೊತ್ತುಂಟು. ನಿಮಗೂ ಗೊತ್ತುಂಟು ಅಂದ್ಕೊಂಡಿದ್ದೆ ಮಾರಾಯ್ರೆ!”

ನನಗೆ ಗೊತ್ತಿದೆ ಎಂದುಕೊಂಡಿದ್ದಳು! ಈ ಮಾತು ನನ್ನನ್ನು ಸುಟ್ಟಷ್ಟು ಮೊದಲಿನ ವಾಕ್ಯ ಸುಡಲಿಲ್ಲ. ಎರಡು ವರ್ಷ ಇಷ್ಟೂ ಹೆಂಗಸರು ನನ್ನೆದುರು ಕೂತು, ನನ್ನ ಸೀರೆ, ನನ್ನ ಉಚ್ಚಾರ, ನನ್ನ ಶಿಸ್ತು ಎಲ್ಲವನ್ನೂ ನೋಡುತ್ತ, ಒಳಗೊಳಗೇ ಇವಳು ವಸೂಲಿಗೆ ಕೂತ ಹೆಂಗಸು ಎಂದುಕೊಂಡಿದ್ದರು. ಹಾಗೆಂದುಕೊಂಡೂ ಟೀಚರ್ ಟೀಚರ್ ಎಂದು ನಮಸ್ಕಾರ ಮಾಡಿದ್ದರು. ಊರಿಂದ ಬರುವಾಗ ಹಲಸಿನ ಹಪ್ಪಳ ತಂದುಕೊಟ್ಟಿದ್ದರು. ಹೊಟೇಲಿನವರ ರೀತಿಯೇ ಹಾಗಂತೆ, ಸಾಹೇಬರ ವಿಷಯವನ್ನು ಬಾಯಿಬಿಟ್ಟು ಆಡುವುದಿಲ್ಲ, ಅರ್ಥ ಮಾಡಿಕೊಂಡು ಸುಮ್ಮನೆ ನಡೆಸಿಕೊಡುತ್ತಾರೆ. ಅದನ್ನೇ ನಾನು ಮರ್ಯಾದೆ ಎಂದು ತಿಳಿದು ಕುಣಿದಿದ್ದೆ. ಥೂ! ಇವತ್ತಿಗೆ ಸಾಕು, ಹೋಗಿರಿ ಎಂದು ಹೇಗೋ ಹೇಳಿ ಬಾಗಿಲು ಹಾಕಿಕೊಂಡೆ.

ಸಂಜೆ ಗಂಡ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದೆ. ನೀರು ಕೊಡಲಿಲ್ಲ, ಕೂರಿಸಲಿಲ್ಲ.

“ಹೊಟೇಲಿನವರಿಗೆ ನನ್ನ ಕ್ಲಾಸಿನ ಸುದ್ದಿ ನೀವು ಹೇಳಿದ್ದು ಹೌದೇನ್ರಿ?”

“ಹೌದು, ಹೇಳೀನಿ. ನೀನ ಅಳಕೋತ ಕೂತಿದ್ದೆಲ್ಲ? ಈಗೇನಾತು?”

“ಏನಂತ ಹೇಳಿದ್ರಿ?”

“ಏನಿಲ್ಲ. ನಮ್ಮ ಮನಿಯಾಕಿ ಕ್ಲಾಸ್ ನಡಸ್ತಾಳ, ಕಳಸ್ರಿ ಅಂದೆ. ಅಷ್ಟ.”

“ಯಾವಾಗ ಹೇಳಿದ್ರಿ?”

ಅಂಗಿಯ ಗುಂಡಿ ಬಿಚ್ಚುತ್ತಿದ್ದ ಅವರ ಕೈ ನಿಂತಿತು.

“ಅಡಗಿಮನಿ ನೋಡ್ಲಿಕ್ಕೆ ಹೋದಾಗ ಹೇಳಿದ್ರಿ. ಕಾಗದಕ್ಕ ಸಹಿ ಹಾಕೂಕಿಂತ ಮೊದಲ ಹೇಳಿದ್ರಿ. ಹೌದೋ ಅಲ್ಲೋ?”

“ಹುಚ್ಚಿ ಇದ್ದಿ ನೀ!” ಎಂದು ಅವರು ದನಿ ಏರಿಸಿದರು. “ಆಫೀಸಿನಾಗ ಉಳದವರು ಹೆಂಗ ತಿಂತಾರ ಗೊತ್ತದ ಏನ? ನಾ ಯಾರ ಹತ್ರನೂ ಕೈ ಚಾಚಿಲ್ಲ. ನೀ ಕಲಸ್ತಿ, ಅವರು ಫೀ ಕೊಡತಾರ. ಗಂಟಲಾ ಹರಕೊಂಡು ದುಡದ ರೊಕ್ಕ ಅದು. ಇದರಾಗ ಕಳವು ಎಲ್ಲಿ ಬಂತು?”

“ಬಾಣಂತನಕ್ಕ ಹೋದಾಕಿಗೆ ನಾ ಏನ ಕಲಸೀನ್ರಿ?”

ಅವರು ಅಂಗಿ ಕಳಚಿ ಗೂಟಕ್ಕೆ ಹಾಕಿ, ಮೆತ್ತಗಾಗಿ ಅಂದರು, “ನಿನ್ನ ಮುಖ ನೋಡಿ ಮಾಡೀನಿ. ಕ್ಲಾಸ್ ತುಂಬಿದ ದಿವಸ ನೀ ಎಷ್ಟು ಖುಷಿ ಇದ್ದಿ ನೆನಪಸ್ಕೋ.”

ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಈ ಮನುಷ್ಯ ನಿಜವಾಗಿಯೂ ತನ್ನ ಕೈ ಶುದ್ಧ ಎಂದೇ ನಂಬಿದ್ದರು. ಬಾಟಲಿಯ ನೀರು ಕುಡಿದು, ಹೆಂಡತಿಯ ಕೋಣೆಗೆ ದುಡ್ಡು ಹರಿಸಿ, ರಾತ್ರಿ ಗಡದ್ದಾಗಿ ನಿದ್ದೆ ಮಾಡುತ್ತಿದ್ದರು. ಮನೆಯಲ್ಲಿ ಫ್ರಿಜ್ಜು ಬಂದಿತ್ತು, ಬಣ್ಣದ ಟಿವಿ ಬಂದಿತ್ತು. ನನ್ನ ದುಡಿಮೆಯದು ಎಂದು ನಾನು ಅವುಗಳ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದೆ. ಗೂಡಿಗೆ ಪುಕ್ಕ ಹೊದಿಸಿದ ಹಕ್ಕಿ ನಾನೇ ಆಗಿದ್ದೆ.

ನನ್ನದು ಮೂಗಿನ ತುದಿಯ ಸಿಟ್ಟು. ಮರುದಿನ ಹೆಂಗಸರು ಬಂದು ಕೂತ ಕೂಡಲೇ ಸಾರಿದೆ, “ಇವತ್ತಿನಿಂದ ಯಾರೂ ಫೀ ಕೊಡಬೇಕಾಗಿಲ್ಲ. ಕಲಿಯಬೇಕು ಅನ್ನುವವರು ಪುಕ್ಕಟೆ ಬಂದು ಕಲೀರಿ. ಬೇಡ ಅನ್ನುವವರು ಬರಬೇಡಿ. ಲೈಸನ್ಸಿಗೂ ನನಗೂ ಸಂಬಂಧ ಇಲ್ಲ.” ಚಪ್ಪಾಳೆ ಬೇಡ, ಒಂದು ನಗುವಾದರೂ ಬೇಡವೇ? ದಪ್ಪ ಜಡೆಯಾಕೆಯ ಮುಖ ಕೂಡ ಬಿಳಿಚಿಕೊಂಡಿತ್ತು. ನಾಚಿಕೆಯಿಂದ ಇರಬೇಕು ಎಂದುಕೊಂಡು ನಾನು ಪಾಠ ಮುಂದುವರಿಸಿದೆ. ಎದೆ ಹಗುರಾಗಿತ್ತು. ಇನ್ನು ಉಳಿಯುವವರು ಮೂರೇ ಜನವಾದರೂ ಅವರು ನನಗಾಗಿ ಬಂದವರಾಗಿರುತ್ತಾರೆ, ಆ ಕ್ಲಾಸು ನನ್ನದಾಗಿರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಅದರ ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹೆಂಗಸರಿಲ್ಲ, ಒಬ್ಬ ಗಂಡಸು. ದಪ್ಪ ಜಡೆಯಾಕೆಯ ಗಂಡ. ಕೈಯಲ್ಲಿ ಮಿಠಾಯಿ ಡಬ್ಬ, ಅದರ ಮೇಲೊಂದು ದಪ್ಪ ಲಕೋಟೆ. ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆಯೇ ನಿಂತರು.

“ಮೇಡಂ, ನನ್ನ ಹೆಂಡತಿಗೆ ಬುದ್ಧಿ ಇಲ್ಲ. ಏನೇನೋ ಬಾಯಿಗೆ ಬಂದದ್ದು ಹೇಳಿದ್ದಾಳೆ. ನೀವು ಮನಸ್ಸಿಗೆ ಹಚ್ಕೊಳ್ಬೇಡಿ.”

“ಅವರೇನೂ ತಪ್ಪು ಹೇಳಿಲ್ಲ. ಫೀ ಬೇಡ ಅಂತ ನಾನೇ ಹೇಳಿದ್ದೇನೆ. ಅವರನ್ನು ಕಳಿಸಿ, ಸಾಕು.”

ಅವರ ಮುಖ ಇನ್ನಷ್ಟು ಕಂದಿತು. “ಹಾಗೆ ಹೇಳ್ಬೇಡಿ ಮೇಡಂ. ಸಾಹೇಬ್ರಿಗೆ ಕಮ್ಮಿ ಆಯ್ತಾ? ಎಷ್ಟು ಅಂತ ಒಂದು ಮಾತು ಬಿಡಿಸಿ ಹೇಳಿ. ನಾವು ಹೊಟೇಲಿನವರೆಲ್ಲ ಕೂತು ಮಾತಾಡಿದ್ದೇವೆ. ಎಲ್ಲರೂ ಕೊಡ್ತಾರೆ. ಬೇಡ ಅಂತ ಮಾತ್ರ ಹೇಳ್ಬೇಡಿ.”

ನಾನು ದಂಗಾದೆ. ನಾನು ಬೇಡ ಎಂದದ್ದು ಇವರ ಕಿವಿಗೆ ಇನ್ನೂ ಹೆಚ್ಚು ಬೇಕು ಎಂದು ಕೇಳಿಸಿತ್ತು! ತಾವು ಕೊಟ್ಟದ್ದನ್ನು ಸಾಹೇಬರ ಮನೆಯವರು ಬೇಡ ಎಂದರೆ ರೇಟು ಏರಿತು ಎಂದರ್ಥ, ಇಲ್ಲವೇ ಹೊಟೇಲಿಗೆ ಬೀಗ ಬೀಳುತ್ತದೆ ಎಂದರ್ಥ. ಅವರು ಇಷ್ಟು ವರ್ಷ ಕಂಡ ಲೋಕದಲ್ಲಿ ಮೂರನೆಯ ಅರ್ಥವೇ ಇರಲಿಲ್ಲ. ಎಷ್ಟು ತಿಳಿಸಿ ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದರು, ನಂಬುತ್ತಿರಲಿಲ್ಲ. ಕೊನೆಗೆ ನನ್ನ ಮೈ ಉರಿದುಹೋಗಿ, “ತಗೊಂಡು ಹೋಗ್ರಿ ನಿಮ್ಮ ಲಕೋಟೆ! ಇನ್ನೊಮ್ಮೆ ಈ ಬಾಗಿಲಿಗೆ ಬರಬ್ಯಾಡ್ರಿ!” ಎಂದು ಚೀರಿದೆ. ಅವರು ಎರಡೂ ಕೈ ಜೋಡಿಸಿ, ಹಿಂದೆ ಹಿಂದೆ ಸರಿಯುತ್ತ ಮೆಟ್ಟಿಲಿಳಿದರು. ನನ್ನ ಅಪ್ಪನ ವಯಸ್ಸಿಗೆ ಹತ್ತಿರದ ಮನುಷ್ಯ. ಅವರು ಕೈ ಜೋಡಿಸಿದ ಭಂಗಿಯನ್ನು ನೆನೆದರೆ ಇಂದಿಗೂ ನನಗೆ ತುತ್ತು ಇಳಿಯುವುದಿಲ್ಲ.

ಅಲ್ಲಿಗೆ ಮುಗಿಯಿತು. ಆ ದಿನದಿಂದ ಒಬ್ಬಳೂ ಬರಲಿಲ್ಲ. ನಾನು ಸೀರೆ ಉಟ್ಟು, ಹಲಗೆ ಒರೆಸಿ, ಎಷ್ಟೋ ಮಧ್ಯಾಹ್ನ ಕಾದೆ. ಉಳಿದವರು ಹಾಳಾಗಲಿ, ದಪ್ಪ ಜಡೆಯಾಕೆ ಬಂದೇ ಬರುತ್ತಾಳೆ ಎಂಬ ಆಸೆ ಮಾತ್ರ ಬಿಟ್ಟಿರಲಿಲ್ಲ. ಆಕೆಯೂ ಬರಲಿಲ್ಲ. ಹಾಗಾದರೆ ಆ ಪ್ರಶ್ನೆಗಳು, ಆ ಹುಮ್ಮಸ್ಸು ಎಲ್ಲ ನಾಟಕವೇ? ಅದನ್ನೂ ಆಕೆಯ ಗಂಡ ಹೇಳಿಕೊಟ್ಟು ಕಳಿಸುತ್ತಿದ್ದನೇ? ಎಲ್ಲಕ್ಕಿಂತ ಇದೇ ನನ್ನನ್ನು ಕಿತ್ತು ತಿಂದಿತು. ಅಂಗಡಿ ಕೋಣೆಯ ಮಾಲೀಕನಿಗೆ ಬೇಡ ಎಂದು ಹೇಳಿ ಕಳಿಸಿದೆ. ಗಂಡ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಹೊಟೇಲಿನವರಲ್ಲಿ ಗುಲ್ಲೆದ್ದು, ಮೇಲಿನವರ ಕಿವಿಗೂ ಬಿದ್ದು, ಅವರಿಗೆ ದೌಂಡ್ ಕಡೆಗೆ ಬದಲಿಯಾಯಿತು. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನಾವು ಸಂಸಾರ ಮಾಡಿದೆವು, ಹಬ್ಬ ಮಾಡಿದೆವು, ನಕ್ಕೆವು ಕೂಡ. ಆ ಮಾತು ಮಾತ್ರ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ನಾನು ಒಂದು ಫ್ಯಾಕ್ಟರಿಯ ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ಪಾಠ ಹೇಳುವ ಬಾಯಿಗೆ ಬೀಗ ಹಾಕಿದೆ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದ ಮೇಲೆ, ಆಕುರ್ಡಿಯ ತರಕಾರಿ ಮಂಡಿಯಲ್ಲಿ ಯಾರೋ “ಟೀಚರ್!” ಎಂದು ಕೂಗಿದರು. ತಿರುಗಿದರೆ ಆಕೆ. ಜಡೆ ತೆಳುವಾಗಿತ್ತು, ದನಿ ಅಷ್ಟೇ ದಪ್ಪ ಇತ್ತು. ಓಡಿಬಂದು ನನ್ನ ಎರಡೂ ಕೈ ಹಿಡಿದಳು. ಮೊದಲಿಗೆ ನನಗೆ ಕೈ ಬಿಡಿಸಿಕೊಂಡು ಹೋಗಿಬಿಡಬೇಕು ಅನಿಸಿತು. ಆಕೆ ಬಿಡಲಿಲ್ಲ. ಹೊಟೇಲು ಹೇಗಿದೆ ಎಂದು ಕೇಳಿದೆ.

“ಉಂಟು ಟೀಚರ್, ನಡೀತದೆ. ಈಗಿನ ಸಾಹೇಬ್ರ ಹೆಂಡತಿ ಕೇಕ್ ಕ್ಲಾಸ್ ಮಾಡ್ತಾರೆ. ನಾವೆಲ್ಲ ಅಲ್ಲಿಗೆ ಹೋಗ್ತೇವೆ. ನಮ್ಮ ಮನೆಯಲ್ಲಿ ಕೇಕ್ ತಿನ್ನುವವರೇ ಇಲ್ಲ!” ಎಂದು ದೊಡ್ಡದಾಗಿ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಜಾಗ ಖಾಲಿ ಬೀಳಲಿಲ್ಲ, ಅಲ್ಲಿ ಇನ್ನೊಬ್ಬಳು ಕೂತಿದ್ದಳು. ಅವಳಿಗೆ ಗೊತ್ತಿದೆಯೋ ಇಲ್ಲವೋ, ನನ್ನಂತೆಯೇ ಉಬ್ಬಿಕೊಂಡು ಕೂತಿದ್ದಾಳೋ ಏನೋ.

ಇಷ್ಟು ವರ್ಷ ನುಂಗಿಕೊಂಡದ್ದನ್ನು ಆಗ ಕೇಳಿಯೇಬಿಟ್ಟೆ. “ಖರೆ ಹೇಳ್ರಿ. ನಿಮಗ ಇಂಗ್ಲಿಷ್ ಕಲೀಬೇಕು ಅಂತ ಇತ್ತೋ, ಇಲ್ಲ ಅದೂ ಸಾಹೇಬರ ಸಲುವಾಗಿನೋ?”

ಆಕೆಯ ನಗು ನಿಂತಿತು. “ಮೊದಲ ದಿನ ಸಾಹೇಬ್ರಿಗಾಗಿ ಬಂದದ್ದು. ಆಮೇಲೆ ನನಗಾಗಿ ಬಂದದ್ದು. ನಿಮಗೆ ಅದು ಕಾಣ್ಲಿಲ್ವಾ ಟೀಚರ್?”

“ಹಾಗಾದ್ರ ಪುಕ್ಕಟೆ ಕಲಸ್ತೀನಿ ಅಂದಾಗ ಯಾಕ ಬರಲಿಲ್ಲ?”

“ಇವ್ರು ಬಿಡ್ಲಿಲ್ಲ. ದುಡ್ಡು ಕೊಡದೆ ಹೋಗಿ ಕೂತ್ರೆ ಸಾಹೇಬ್ರು ಹೊಟೇಲಿಗೆ ಬೀಗ ಹಾಕ್ತಾರೆ ಅಂತ ಹೆದರಿದ್ರು. ನಾನು ಅತ್ತೆ ಟೀಚರ್, ಎರಡು ದಿನ ಊಟ ಬಿಟ್ಟೆ. ನೀವು ಒಂದು ಸಲ ಮನೆಗೆ ಬಂದು ಕರೀತೀರಿ ಅಂತ ಕಾದೆ. ನಿಮಗೆ ಯಾವ ಹೆದರಿಕೆ ಇತ್ತು? ಬೀಗ ಬೀಳುವ ಹೊಟೇಲು ನಮ್ಮದಲ್ವಾ.” ಕೊತ್ತಂಬರಿ ಸೂಡನ್ನು ಚೀಲಕ್ಕೆ ತುರುಕಿದಳು. ಆಮೇಲೆ ಅಂದಳು, “ಮಗಳಿಗೆ ಮೊನ್ನೆ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮನೆಯವ್ರನ್ನೆಲ್ಲ ಕರೆದು ಸಮಾರಂಭ ಮಾಡಿದ್ರು. ಅವಳು ಅಪ್ಪನನ್ನ ಕರ್ಕೊಂಡು ಹೋದಳು. ಅಮ್ಮಾ, ಅಲ್ಲಿ ಎಲ್ಲ ಇಂಗ್ಲಿಷ್ ಮಾತಾಡ್ತಾರೆ, ನಿನಗೆ ಬೇಜಾರಾಗ್ತದೆ, ನೀನು ಬರ್ಬೇಡ ಅಂದಳು.”

ಆಕೆಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ, ನನಗೇನು ಬಾಯಿ ಕಡಿಮೆಯೇ? ಸುತ್ತ ಮಂಡಿಯವರು ಮರಾಠಿಯಲ್ಲಿ ಕೂಗುತ್ತಿದ್ದರು, ಹಿಂದಿನವರು ಮುಂದೆ ಸರಿಯಿರಿ ಎಂದು ತಳ್ಳುತ್ತಿದ್ದರು. ನನ್ನ ಕಾಲು ಕಿತ್ತು ಬರಲಿಲ್ಲ. ಆಕೆ ನನ್ನ ಕೈ ಇನ್ನೊಮ್ಮೆ ಒತ್ತಿ, ಮನೆಯ ಕಡೆ ಬನ್ನಿ ಟೀಚರ್ ಎಂದು ಹೇಳಿ, ಕೇಕ್ ಕ್ಲಾಸಿಗೆ ಹೊತ್ತಾಯಿತೆಂದು ರಿಕ್ಷಾ ಹತ್ತಿದಳು.